ಪಟ್ಟಿಯಲ್ಲಿಲ್ಲದ ಹೆಸರು

ಕೊಳ್ಳೇಗಾಲದಲ್ಲಿ ಒಬ್ಬ ಯಜಮಾನರದೊಂದು ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಘಟಕವಿತ್ತು. ಏನು ಕೇಳಿದರೂ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, "ಇದ್ದುದ್ ಏಳ್ಬುಡ್ತೀನಿ ಸಾ" ಎಂದೇ ಮಾತು ಶುರುಮಾಡುತ್ತಿದ್ದರು.

ಅಲ್ಲಿ ಬಾಯ್ಲರ್ ಸಿಡಿದು ಕಾಮಗೆರೆಯ ಹೆಂಗಸೊಬ್ಬಳ ಬಲಗೈ ಬೆಂದಾಗ, ವಿಮೆ ಕಂಪನಿಯ ಪರವಾಗಿ ವಿಚಾರಿಸಲು ಹೋದವನು ನಾನು. ಪಾಲಿಸಿಯ ಕೆಲಸಗಾರರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

"ಸುಮ್ನೆ ನೋಡಕ್ ಬಂದಿದ್ಲು ಅನ್ನಿ. ಕೇಸು ನಿಲ್ಲಲ್ಲ" ಎಂದು ಅವರ ವಕೀಲರು ನನ್ನೆದುರೇ ಪಿಸುಗುಟ್ಟಿದರು.

ಯಜಮಾನರು ಆಗದೆಂದು ತಲೆಯಾಡಿಸಿದರು. "ಎಲ್ಡ್ ವರ್ಷದಿಂದ ನನ್ ತಾವೇ ಕೆಲ್ಸ ಮಾಡ್ತಾವ್ಳೆ ಸಾ. ಎಸ್ರು ಸೇರುಸ್ದೆ ಇದ್ದುದ್ದು ನನ್ ತಪ್ಪು. ಬರ್ಕಳಿ."

ನಾನು ಬರೆದುಕೊಂಡೆ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಂಪನಿ ಹಣ ಕೊಡಲು ಒಪ್ಪಲಿಲ್ಲ. ಪರಿಹಾರವನ್ನು ಅವರೇ ಕೊಡಬೇಕೆಂದು ತೀರ್ಪಾಯಿತು. ಅವರು ಘಟಕ ಮಾರಿದರು.

ಪರಿಹಾರ ಕೊಟ್ಟ ದಿನ ಕೋರ್ಟಿನ ಮುಂದೆ ಆ ಹೆಂಗಸು ಅಳುತ್ತ, "ನನ್ನಿಂದ ನಿಮ್ ಬದುಕೇ ಓಯ್ತಲ್ಲಣ್ಣ" ಎಂದಳು.

ಅವರು ಅವಳ ಕೈ ನೋಡುತ್ತ ಕೇಳಿದರು: "ಬೆರಳು ಮಡುಚಕ್ಕಾಯ್ತದಾ? ತೋರ್ಸವ್ವ."