ಪುಟ ಹರಿಯದ ಪುಸ್ತಕ

ತುಮಕೂರಿನಿಂದ ಗುಬ್ಬಿಗೆ ಹೋಗುವ ಬಸ್ಸಿನಲ್ಲಿ, ಮುಂದಿನ ಸೀಟಿನ ಹೆಂಗಸಿನ ಸೀರೆಯಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಮದುವೆಗೆಂದು ಟ್ರಂಕಿನಿಂದ ತೆಗೆದದ್ದಿರಬೇಕು. ನನಗೆ ನೆನಪಾದದ್ದು ಮಾತ್ರ ನಮ್ಮ ಹೈಸ್ಕೂಲಿನ ಪುಸ್ತಕದ ಬೀರು. ಅಂಥ ಬೀರುವನ್ನು ನೀವೂ ಕಂಡಿರುತ್ತೀರಿ. ಅದರ ಒಳಗನ್ನು ಕಂಡಿರಲಾರಿರಿ.

ನಾನು ಕನ್ನಡ ಮೇಷ್ಟ್ರು. ಲೈಬ್ರರಿಯ ಚಾರ್ಜೂ ನನ್ನ ಕೊರಳಿಗೇ ಬಿದ್ದಿತ್ತು. ಪಟ್ಟಿಯಲ್ಲಿದ್ದ ಒಂದು ಪುಸ್ತಕ ಕಾಣದಿದ್ದರೂ, ವರ್ಗವಾಗಿ ಹೋಗುವಾಗ ಉತ್ತರ ಹೇಳಬೇಕಾದವನು ನಾನು. ಹಾಗಾಗಿ ಓದಿಸುವುದಕ್ಕಿಂತ ಕಾಯುವುದರಲ್ಲಿ ಪಳಗಿದೆ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುವುದೊಂದು ಬಾಕಿಯಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಲೈಬ್ರರಿಗೆ ಅನುದಾನ ಬಂತು. ವ್ಯಾಪಾರಿಯೊಬ್ಬ ಮೇಜಿನ ಮೇಲೆ ಒಂದು ಕಡೆ ಕನ್ನಡ ವಿಜ್ಞಾನಕೋಶದ ದಪ್ಪ ಸಂಪುಟಗಳನ್ನು, ಇನ್ನೊಂದು ಕಡೆ ವಿಜ್ಞಾನದ ಸೀಡಿಗಳನ್ನು ಇಟ್ಟ. ಎರಡರಲ್ಲೊಂದು ಆರಿಸಬೇಕು. ಒಂದು ಸೀಡಿ ಹಾಕಿ ತೋರಿಸಿದ; ಹೆಡ್‌ಮಾಸ್ಟರ ಕೋಣೆಯ ಹೊಸ ಕಂಪ್ಯೂಟರಿನಲ್ಲಿ ತಿಮಿಂಗಿಲ ಬಾಲ ಬೀಸಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಕುಣಿಗಲ್ ಕಡೆಯ ಗೌಸ್ ಸಾಹೇಬರು ನಮ್ಮ ವಿಜ್ಞಾನದ ಮೇಷ್ಟ್ರು. "ಸಾರ್, ಮಕ್ಳು ಕೈಯಲ್ಲಿ ಮುಟ್ಟೋ ಅಂಥದ್ದು ತಗೊಳ್ಳಿ. ಹರಿದ್ರೆ ಹರೀಲಿ, ಓದವ್ರೆ ಅಂತಾಯ್ತು" ಎಂದರು.

"ಸೀಡೀಲಿ ಪುಟ ಹರಿಯೋದೇ ಇಲ್ವಲ್ಲ ಸಾರ್!" ಎಂದೆ, ಮಹಾ ಜಾಣನ ಹಾಗೆ. ನಾನು ಸೀಡಿಗಳಿಗೆ ಸಹಿ ಹಾಕಿದೆ.

ಆ ಸೀಡಿ ಇಂಗ್ಲಿಷನ್ನಲ್ಲದೆ ಬೇರೇನೂ ಆಡುತ್ತಿರಲಿಲ್ಲ. ಕಂಪ್ಯೂಟರಿಗೆ ಬಟ್ಟೆಯ ಹೊದಿಕೆ. ಅದರ ಹತ್ತಿರ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ಹೆಡ್‌ಮಾಸ್ಟರಿರಬೇಕು, ಕರೆಂಟೂ ಇರಬೇಕು. ಮೂರೂ ಕೂಡಿಬಂದ ದಿನ ನನಗೆ ನೆನಪಿಲ್ಲ.

ಚೇಳೂರಿನಿಂದ ಬರುತ್ತಿದ್ದ ಸುಧಾಮಣಿ ಎಂಬ ಹುಡುಗಿ ಮಾತ್ರ ಬೆನ್ನು ಬಿಡಲಿಲ್ಲ. "ಸಾರ್, ಎಳನೀರೊಳಕ್ಕೆ ನೀರು ಎಲ್ಲಿಂದ ಬರುತ್ತೆ? ನಮ್ಮಪ್ಪನ್ನ ಕೇಳಿದ್ರೆ ದೇವ್ರು ತುಂಬ್ತಾನೆ ಅಂತದೆ. ಸೀಡೀಲಿ ಐತಾ ಸಾರ್?"

"ನಾಳೆ ನೋಡಾಣ ಕಣಮ್ಮ."

ಎಷ್ಟೋ ನಾಳೆಗಳಾದವು. ಕೊನೆಗೊಂದು ದಿನ ಇಡೀ ತರಗತಿಯ ಮುಂದೆ ರೇಗಿದೆ: "ಪಾಠದಲ್ಲಿ ಇಲ್ಲದ್ದನ್ನೆಲ್ಲ ಯಾಕೆ ಕೇಳ್ತೀಯ? ಸುಮ್ನೆ ಕೂತ್ಕೊಳೋಕೆ ಆಗಲ್ವಾ?" ಅವಳು ಕೂತಳು. ಆಮೇಲೆ ಯಾರನ್ನೂ ಏನನ್ನೂ ಕೇಳಲಿಲ್ಲ. ಪ್ರತಿ ಪಾಠಕ್ಕೂ ಕೈಯೆತ್ತುತ್ತಿದ್ದವಳು ಈಗ ಎತ್ತುವುದಿಲ್ಲವೆಂದು ಗೌಸ್ ಸಾಹೇಬರೇ ಬಂದು ಹೇಳಿದರು. ನನಗೆ ನಿರಾಳವಾಗಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಅದೇ. ವರ್ಗವಾದಾಗ ಎಲ್ಲ ಸೀಡಿಗಳನ್ನೂ ಗೀರಿಲ್ಲದಂತೆ ಒಪ್ಪಿಸಿ ಶಹಭಾಸ್ ಅನ್ನಿಸಿಕೊಂಡೆ.

ಹೀಗೆ ಯೋಚಿಸುತ್ತಿರುವಾಗ ಮುಂದಿನ ಸೀಟಿನ ಹೆಂಗಸು ತಿರುಗಿದಳು. "ಸಾರ್, ಗುರುತು ಸಿಕ್ಲಿಲ್ವಾ? ನಾನು ಸುಧಾಮಣಿ." ಮುಖವೆಲ್ಲ ನಗು. ನನ್ನ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ತೊಡೆಯ ಮೇಲಿದ್ದ ಮಗಳು ಬಸ್ಸಿನ ಸೂರು ನೋಡುತ್ತಿದ್ದಳು. "ಅಮ್ಮಾ, ನೊಣ ತಲೆಕೆಳಗಾಗಿ ನಡೀತದಲ್ಲ, ಯಾಕೆ ಬೀಳಲ್ಲ?"

"ಸುಮ್ನೆ ಕೂತ್ಕೋ. ಹಂಗೆಲ್ಲ ಕೇಳ್ಬಾರ್ದು ಕಣೇ" ಎಂದಳು ಸುಧಾಮಣಿ. ಆಮೇಲೆ ನನ್ನ ಕಡೆ ನೋಡಿ, ಗೌರವದಿಂದಲೇ, "ಅಲ್ವಾ ಸಾರ್?" ಎಂದಳು.

ಅಲ್ಲಮ್ಮ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಹೂಂ. ಗುಬ್ಬಿ ಬರುವವರೆಗೂ ಆ ಮಗು ಮತ್ತೆ ಮಾತಾಡಲಿಲ್ಲ.