ಅರಿಶಿನ ಬಿದ್ದ ಗಾಲೀಚಾ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಕೆಳಗೆ ಹಾಸಿದ್ದನ್ನು. ಕೂಡಿಸಿದವರ ಮುಖ ಆಮೇಲೆ. ಇದು ಒಳ್ಳೆಯ ಚಾಳಿಯಲ್ಲ ಎಂಬುದು ನನಗೂ ಗೊತ್ತು. ಆದರೂ ಕೂತ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ. ಆ ಮೂಲೆಯಲ್ಲಿರುವುದು ಎಲೆ-ಅಡಿಕೆಯ ರಸವೋ, ಚಹಾವೋ; ದಿಂಬಿನ ಪಕ್ಕದ ಆ ಮಾಸಲು ಎಣ್ಣೆಯದೋ, ತುಪ್ಪದ್ದೋ ಎಂದು ಒಳಗೊಳಗೇ ವಿಚಾರಣೆ ಶುರುವಾಗುತ್ತದೆ. ಒಮ್ಮೆ ಹೀಗೆ ಊಟಕ್ಕೆ ಕೂತು ಮೈಮರೆತಾಗ ಮನೆಯ ಯಜಮಾನರು "ಎಲ್ಲಾ ಆರಾಮದ ಅಲ್ರೀ?" ಎಂದು ಕೇಳಿದ್ದಕ್ಕೆ "ಹೌದ್ರೀ, ತುಪ್ಪದ್ದೇ" ಎಂದು ಉತ್ತರ ಕೊಟ್ಟಿದ್ದೇನೆ. ಅವರು ಅದನ್ನು ಹೊಗಳಿಕೆ ಎಂದು ತಿಳಿದು ಇನ್ನೊಂದು ಚಮಚೆ ತುಪ್ಪ ಹಾಕಿದರು.

ಹಾಸುವ ವಸ್ತುಗಳಲ್ಲೂ ಸ್ವಭಾವ ಬೇರೆ ಬೇರೆ. ಕುರುಬರ ಕಂಬಳಿಯಷ್ಟು ದೊಡ್ಡ ಮನಸ್ಸಿನದು ಇನ್ನೊಂದಿಲ್ಲ. ಅದರ ಮೇಲೆ ಏನೇ ಬೀಳಲಿ, ತನ್ನ ಕಪ್ಪಿನಲ್ಲಿ ಮುಚ್ಚಿಕೊಂಡು ಸುಮ್ಮನಿರುತ್ತದೆ. ಜಮಖಾನೆ ಸಂಸಾರಸ್ಥ, ಹಳ್ಳಕ್ಕೆ ಒಯ್ದು ನಾಲ್ಕು ಸಲ ಬಡಿದರೆ ಮತ್ತೆ ದುಡಿಯಲು ಸಿದ್ಧ. ಗಾಲೀಚಾ ಮಾತ್ರ ಮನೆಗೆ ಬಂದ ಹೊಸ ಅಳಿಯನಿದ್ದಂತೆ. ಅದನ್ನು ಎತ್ತುವುದೂ ಜೋಕೆ, ಇಳಿಸುವುದೂ ಜೋಕೆ. ಯಾವ ಮಾತಿಗೆ ಮುಖ ಬಾಡುತ್ತದೆ ಎಂದು ಹೇಳಲಾಗದು. ಕಥೆಗಳಲ್ಲಿ ರತ್ನಗಂಬಳಿಯ ಮಾತು ಬಂದಾಗಲೆಲ್ಲ ಅದರಲ್ಲಿ ನಿಜವಾಗಿ ರತ್ನ ಹೊಲಿದಿರುತ್ತಾರೆಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ಅದರ ಮೇಲೆ ಕೂತರೆ ಚುಚ್ಚುವುದಿಲ್ಲವೇ ಎಂಬುದು ನನ್ನ ಚಿಂತೆಯಾಗಿತ್ತು. ಆ ಚಿಂತೆ ಹೋದದ್ದು ಬೇಗಂ ಸಾಹೇಬರ ಗಾಲೀಚಾ ನೋಡಿದ ಮೇಲೆ.

ಬೇಗಂ ಸಾಹೇಬರು ಕಲಬುರಗಿಯ ಶಹಾಬಜಾರದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಗಂಡ ನಿಜಾಮರ ಸರ್ಕಾರದ ಕಚೇರಿಯಲ್ಲಿದ್ದು ತೀರಿಕೊಂಡಿದ್ದರು. ಎರಡು ಮನೆಗಳ ನಡುವಿನ ಗೋಡೆಯಲ್ಲಿ ಒಂದು ಸಣ್ಣ ಖಿಡಕಿ ಇತ್ತು. ನನ್ನ ಅವ್ವನಿಗೆ ಇಡೀ ಊರಿನಲ್ಲಿದ್ದ ಗೆಳತಿ ಒಬ್ಬಳೇ, ಆಕೆ ಆ ಖಿಡಕಿಯ ಆಚೆ ಇದ್ದಳು. ದಿನಕ್ಕೆ ಹತ್ತು ಸಲವಾದರೂ ಅದು ತೆರೆಯಬೇಕು. ಈ ಕಡೆಯಿಂದ ಶೇಂಗಾ ಹಿಂಡಿ ಹೋಗಬೇಕು, ಆ ಕಡೆಯಿಂದ ಮಲ್ಲಿಗೆ ಬರಬೇಕು. ಅವ್ವ ಆಕೆಯನ್ನು ಅಕ್ಕಾ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದಳು. ಅವರು ಅವ್ವನನ್ನು ಗೌರಾ ಎನ್ನುತ್ತಿದ್ದರು. ನಮ್ಮಪ್ಪ ಬದುಕಿದ್ದಾಗಲೂ ಅವ್ವನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಆ ಹೆಸರು ಉಳಿದದ್ದೇ ಆ ಖಿಡಕಿಯಿಂದ.

ನನ್ನ ತಂಗಿಯ ನಿಶ್ಚಯಕ್ಕೆ ಬೀಗರು ಬರುವ ದಿನ ಗೊತ್ತಾಯಿತು. ನಮ್ಮಲ್ಲಿದ್ದದ್ದು ಎರಡು ಜಮಖಾನೆ. ಒಂದಕ್ಕೆ ಇಲಿ ಬಾಯಿ ಹಾಕಿತ್ತು. ಬೇಗಂ ಸಾಹೇಬರು ಕೇಳುವ ಮೊದಲೇ ತಮ್ಮ ಮದುವೆಯಲ್ಲಿ ತವರಿನಿಂದ ಬಂದ ವರಂಗಲ್ಲಿನ ಗಾಲೀಚಾ ಕಳಿಸಿದರು. ದಾಳಿಂಬೆ ಹಣ್ಣಿನ ಒಳಬಣ್ಣ, ಅಂಚಿಗೆ ಬೆಣ್ಣೆ ಬಣ್ಣದ ಬಳ್ಳಿ. ಪಡಸಾಲೆಯಲ್ಲಿ ಅದನ್ನು ಬಿಚ್ಚಿ ಹಾಸಿದಾಗ ನಮ್ಮ ಮನೆಯ ಗೋಡೆಗಳಿಗೇ ನಾಚಿಕೆಯಾಯಿತು.

ಪರದೆಯವರಾದ ಬೇಗಂ ಸಾಹೇಬರು ಆಚೆಯೇ ಉಳಿದರು. ಬೀಗರು ಬಂದರು, ಕೂತರು, ಮಾತು ಕೂಡಿತು. ಆಗ ಎಲ್ಲರಿಗಿಂತ ಹೆಚ್ಚು ಸಂಭ್ರಮ ನನಗೆ. ಹಿರಿಯ ಬೀಗರ ಕಾಲಿಗೆ ನಮಸ್ಕರಿಸಲು ಗಡಬಡಿಸಿ ಎದ್ದೆ. ಧೋತರದ ಚುಂಗು ಕಲಸಿದ ಅರಿಶಿನದ ಬಟ್ಟಲಿಗೆ ಸಿಕ್ಕಿತು. ಬಟ್ಟಲು ಉರುಳಿ ಬೆಣ್ಣೆ ಬಣ್ಣದ ಬಳ್ಳಿಯ ಮೇಲೆ ಅಂಗೈ ಅಗಲ ಹಳದಿ ಹರಡಿತು. ಬೀಗರೆಲ್ಲ "ಶುಭ ಆತು, ಶುಭ ಆತು" ಎಂದರು. ಗಾಲೀಚಾ ಅವರದಾಗಿರಲಿಲ್ಲ.

ಬೀಗರು ಹೋದ ಮೇಲೆ ಅವ್ವ ನೇರವಾಗಿ ಖಿಡಕಿಯ ಕಡೆಗೆ ನಡೆದಳು.

"ಈಗಿಂದೀಗ ಆಪಾಗ ಹೇಳಿಬಿಡ್ತೀನಿ ತಮ್ಮಾ, ಹಿಂಗಿಂಗ ಆತು ಅಂತ."

"ಬ್ಯಾಡವ್ವ," ಎಂದೆ. "ನಾಳಿ ಸಂಜಿ ಅನ್ನೂದ್ರಾಗ ಕಲೀನೇ ಇರಂಗಿಲ್ಲ. ಇಲ್ಲದ್ದಕ್ಕ ಹೇಳೂದೇನದ?"

ಅವ್ವ ನಿಂತಳು. ನಾನು ಸರ್ಕಾರಿ ಶಾಲೆಯ ಮಾಸ್ತರ. ನನ್ನ ಮಾತಿಗೆ ಆಕೆ ತೂಕ ಕೊಡುತ್ತಿದ್ದಳು. ಇದು ಆಕೆಯ ಒಂದೇ ದೌರ್ಬಲ್ಯ. ನನ್ನ ಹತ್ತಿರ ಗೃಹಕೃತ್ಯದ ಒಂದು ಉರ್ದು ಪುಸ್ತಕವಿತ್ತು. ಅದರಲ್ಲಿ ಕಲೆಗಳಿಗೇ ಒಂದು ಅಧ್ಯಾಯ: ಮದ್ಯದ ಕಲೆ, ಮೇಣದ ಕಲೆ, ಮಾಂಸದ ಸಾರಿನ ಕಲೆ. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದು ಸತ್ತರೂ ಯಾರೂ ಮಾಡಲಾರದ ಕಲೆಗಳೆಲ್ಲ ಅದರಲ್ಲಿದ್ದವು. ಅರಿಶಿನದ ಮಾತೇ ಇರಲಿಲ್ಲ. ಪುಸ್ತಕ ಯಾವುದೋ ದೂರದೇಶದ ಮೂಲದಿಂದ ಬಂದಿರಬೇಕು. ಪಾಪ, ಅವರು ಅರಿಶಿನವಿಲ್ಲದೆ ಹೇಗೆ ಬದುಕುತ್ತಾರೋ. ಆದರೆ ಕೊನೆಯಲ್ಲಿ ಒಂದು ಸಾಲಿತ್ತು: ಬೇರೆ ಯಾವ ಕಲೆಯೇ ಆಗಲಿ, ಬಿಸಿನೀರಿನಲ್ಲಿ ಸೋಡಾ ಕರಗಿಸಿ ಹಾಕಿ ತಿಕ್ಕತಕ್ಕದ್ದು.

ಮರುದಿನ ತಿಕ್ಕಿದೆ. ಸೋಡಾ ನೀರು ಬೀಳುತ್ತಲೇ ಹಳದಿ ಕಲೆ ನನ್ನ ಕಣ್ಣೆದುರೇ ಕೆಂಪಾಯಿತು. ಗಾಲೀಚಾದ ಬಣ್ಣವೇ ಬಿಟ್ಟಿತೆಂದು ತಿಳಿದು ಇನ್ನಷ್ಟು ಸೋಡಾ ಸುರಿದೆ, ಇನ್ನಷ್ಟು ತಿಕ್ಕಿದೆ. ಅವ್ವ ಬಂದು ನೋಡಿ ಹಣೆ ಹಣೆ ಬಡಿದುಕೊಂಡಳು.

"ಆರತಿ ನೀರು ಹ್ಯಾಂಗ ಕೆಂಪಾಗ್ತಾವ ಅಂತ ಗೊತ್ತಿಲ್ಲೇನು ನಿನಗ? ಅರಿಷಿಣಕ್ಕ ಸುಣ್ಣಾ ಹಾಕ್ತೀವಿ. ಸೋಡಾ ಸುಣ್ಣದ ಖಾಸಾ ತಮ್ಮ. ಮಾಸ್ತರಕಿ ಮಾಡಿ ಗಾಲೀಚಾಕ್ಕ ಆರತಿ ಎತ್ತೀದಿ!"

ಹಿಂದಿನ ದಿನವಷ್ಟೇ ಆಕೆ ಬೀಗರಿಗೆ ಆ ಕೆಂಪು ಆರತಿ ಎತ್ತಿದ್ದಳು, ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವನು ನಾನೇ. ಹುಟ್ಟಿದಂದಿನಿಂದ ಆ ನೀರನ್ನು ಹಣೆಗೆ ಹಚ್ಚಿಸಿಕೊಂಡವನಿಗೆ ಅದು ಹೇಗೆ ಕೆಂಪಾಗುತ್ತದೆ ಎಂದು ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಪುಸ್ತಕದಲ್ಲಿದ್ದಿದ್ದರೆ ಹೊಳೆಯುತ್ತಿತ್ತೋ ಏನೋ.

ಅಂದಿನಿಂದ ಖಿಡಕಿ ಮುಚ್ಚಿತು. ಹೇಳುವ ಹೊತ್ತು ದಾಟಿಹೋಗಿತ್ತು. ಈಗ ಹೇಳಬೇಕಾದರೆ ಎರಡು ತಪ್ಪು ಹೇಳಬೇಕು. ಆಚೆಯಿಂದ ಬಳೆಯ ಸದ್ದಾದರೆ ಅವ್ವ ಒಳಮನೆಗೆ ಹೋಗಿಬಿಡುತ್ತಿದ್ದಳು. ಒಂದೆರಡು ಸಲ ಆ ಕಡೆಯಿಂದ ಖಿಡಕಿ ತಟ್ಟಿದ್ದೂ ಉಂಟು. ಈ ಕಡೆ ಅವ್ವ ಉಸಿರು ಹಿಡಿದು ಒಲೆಯ ಮುಂದೆ ಕೂತಿದ್ದಳು. ಅಡಿಗೆಗೆ ಉಪ್ಪು ಎರಡೆರಡು ಸಲ ಬೀಳತೊಡಗಿತು. ಮೂರನೆಯ ದಿನ ಆಕೆಯೇ ಹೇಳಿದಳು: "ಕಮಲಾಪುರಕ್ಕ ನಿಮ್ಮತ್ತಿ ಕಡಿ ಒಯ್ಯಿ. ಅಕಿ ಕೈಲೆ ಆಗಲಿಲ್ಲಂದ್ರ ನಾ ಆಪಾಗ ಮಾರಿ ತೋರ್ಸಂಗಿಲ್ಲ."

ಹೆಡ್‌ಮಾಸ್ತರರಿಗೆ ಹೊಟ್ಟೆನೋವಿನ ಅರ್ಜಿ ಬರೆದೆ. ಉರ್ದುವಿನಲ್ಲಿ ಬರೆದ ಹೊಟ್ಟೆನೋವಿಗೆ ಒಂದು ಗಾಂಭೀರ್ಯ ಬರುತ್ತದೆ. ಓದಿದವರಿಗೆ ನಿಜವಾಗಿ ಮರುಕ ಹುಟ್ಟುತ್ತದೆ. ಬೆಳಿಗ್ಗೆ ಗಾಲೀಚಾವನ್ನು ಸುತ್ತಿ ಬಂಡಿಗೆ ಹೇರಿ ಹೊರಟೆ. ಕಮಲಾಪುರ ಮುಟ್ಟುವಾಗ ಸಂಜೆಯಾಗಿತ್ತು.

ನೀಲಮ್ಮತ್ತಿ ನಮ್ಮಪ್ಪನ ಅಕ್ಕ. ಕೆಂಪು ಬಾಳೆಯ ತೋಟವಿದ್ದ ಮನೆ ಆಕೆಯದು. ಓದು ಬರಹ ಬಾರದು. ಕಲೆ ಮಾತ್ರ ಓದಬಲ್ಲಳು. ಗಾಲೀಚಾ ಬಿಚ್ಚಿ, ಕಲೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿ, ನನ್ನ ಕಡೆ ತಿರುಗಿದಳು.

"ತಿಕ್ಕೀದೇನು?"

"ಹೂಂ."

"ಎಷ್ಟೊತ್ತು?"

"ಒಂದ್ ತಾಸು."

"ಸಾಲ್ಯಾಗ ಹುಡುಗರ್ನೂ ಹಿಂಗ ತಿಕ್ತೀಯೇನು?"

ಅಲ್ಲಿಂದ ನಾಲ್ಕು ದಿನ ನಾನು ವಿದ್ಯಾರ್ಥಿ. ಆ ನಾಲ್ಕು ದಿನ ಕಲಿತದ್ದನ್ನು ನೆನೆದರೆ ಇಂದಿಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಆಕೆ ಮೊದಲ ದಿನ ನೀರನ್ನೇ ಮುಟ್ಟಲಿಲ್ಲ. ಗಾಲೀಚಾವನ್ನು ಬೆನ್ನು ಮೇಲಾಗಿ ಹಗ್ಗಕ್ಕೆ ಹಾಕಿಸಿ ನನ್ನ ಕೈಗೆ ಬಡಿಗೆ ಕೊಟ್ಟಳು. "ದೂಳಿದ್ದಾಗ ನೀರು ಹಾಕಿದ್ರ ಕೆಸರಾಗ್ತದ. ಮೊದಲ ಬಡಿ." ಬಡಿದೆ. ನಿಜಾಮರ ಸೀಮೆಯ ಮಣ್ಣೆಲ್ಲ ಅದರಲ್ಲೇ ಇತ್ತೇನೋ ಎಂಬಷ್ಟು ದೂಳು ಬಂತು. ಆಮೇಲೆ ಲಿಂಬೆಯ ರಸವನ್ನು ಮೊದಲು ಹಿಂಬದಿಯ ಮೂಲೆಗೆ ಒಂದು ಹನಿ ಹಚ್ಚಿ, ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆಯೇ ಕಲೆಗೆ ಕೈ. ಅಂಚಿನಿಂದ ನಡುವಿಗೆ ಬರಬೇಕು, ನಡುವಿನಿಂದ ಅಂಚಿಗೆ ಹೋದರೆ ಕಲೆ ಊರು ಸುತ್ತುತ್ತದೆ. ತಿಕ್ಕಕೂಡದು, ಒತ್ತಬೇಕು. ಲಿಂಬೆ ಬಿದ್ದಂತೆ ಕೆಂಪು ಮರಳಿ ಹಳದಿಯಾಯಿತು. ನನ್ನ ಸೋಡಾದ ಪಾಪ ಅಲ್ಲಿಗೆ ಕಳೆಯಿತು. ಉಳಿದದ್ದು ಬಟ್ಟಲಿನ ಪಾಪ.

ಹಳದಿಗೆ ಆಕೆಯ ಔಷಧಿ ಬಿಸಿಲು. "ಅರಿಷಿಣ ಯಾರಿಗೂ ಅಂಜಂಗಿಲ್ಲ, ಬಿಸಿಲಿಗಷ್ಟ ಅಂಜ್ತದ," ಎಂದಳು. ಆದರೆ ಬಿಸಿಲಿಗೆ ಹಾಸಿದರೆ ದಾಳಿಂಬೆ ಬಣ್ಣವೂ ಮಾಸುವುದಲ್ಲ? ನಾನು ಹೀಗೆ ತರ್ಕ ತೆಗೆಯುವಷ್ಟರಲ್ಲಿ ಆಕೆ ಹಳೆಯ ಕೌದಿಯೊಂದಕ್ಕೆ ಕಲೆಯ ಅಳತೆಯ ತೂತು ಕತ್ತರಿಸಿ ಗಾಲೀಚಾದ ಮೇಲೆ ಹೊದಿಸಿದ್ದಳು. ಇಡೀ ಗಾಲೀಚಾ ನೆರಳಿನಲ್ಲಿ, ಕಲೆಯೊಂದೇ ಬಿಸಿಲಿನಲ್ಲಿ! ನಾನು ಆ ತೂತನ್ನೇ ನೋಡುತ್ತ ನಿಂತೆ. ನನ್ನ ಪುಸ್ತಕದ ಇಡೀ ಅಧ್ಯಾಯಕ್ಕೆ ಆ ಒಂದು ತೂತಿನ ಬುದ್ಧಿ ಇರಲಿಲ್ಲ. ದಿನಾ ಬೆಳಿಗ್ಗೆ ಅಂಟವಾಳ ಕಾಯಿಯ ನೊರೆ, ನೀರಲ್ಲ, ಬರೀ ನೊರೆ; ಒಣ ಬಟ್ಟೆಯಿಂದ ಒತ್ತುವುದು; ಮತ್ತೆ ಬಿಸಿಲು.

ಬಿಸಿಲು ತನ್ನ ಕೆಲಸ ಮಾಡುವಾಗ ಅತ್ತಿ ನನಗೆ ಉಳಿದ ಪಾಠ ಹೇಳಿದಳು. ತುಪ್ಪ ಎಣ್ಣೆ ಬಿದ್ದರೆ ಜೋಳದ ಹಿಟ್ಟು ಸುರಿದು ರಾತ್ರಿಯೆಲ್ಲ ಬಿಡು, ಹಿಟ್ಟು ಕುಡಿಯುತ್ತದೆ. ಮಸಿ ಬಿದ್ದರೆ ಹಸಿಯಿರುವಾಗಲೇ ಮೊಸರು. ಮೇಣ ಬಿದ್ದರೆ ಕಾಗದ ಇಟ್ಟು ಮೇಲೆ ಬಿಸಿ ತಂಬಿಗೆ. ಬಾಳೆಯ ಸೊನೆ ಬಿದ್ದರೆ? ಆಕೆ ತನ್ನ ಸೀರೆಯ ಸೆರಗು ತೋರಿಸಿದಳು. ಕಂದು ಕಲೆಗಳಿಂದ ಅದು ಚಿತ್ರದ ಬಟ್ಟೆಯಾಗಿತ್ತು. "ಇದಕ್ಕ ಔಷಧ ಇಲ್ಲ. ಉಟಗೊಂಡು ತಿರಗೂದು." ಕಮಲಾಪುರದಲ್ಲಿ ಯಾರ ಅಂಗಿ ನೋಡಿದರೂ ಆ ಕಲೆ, ಯಾರೂ ಅದಕ್ಕೆ ತಲೆ ತಗ್ಗಿಸುವುದಿಲ್ಲ. ಬಲ್ಲವರು ಯಾವುದು ಹೋಗುತ್ತದೆ ಎಂಬುದನ್ನು ಬಲ್ಲಂತೆ ಯಾವುದು ಹೋಗುವುದಿಲ್ಲ ಎಂಬುದನ್ನೂ ಬಲ್ಲರು. ಆಕೆಯ ಮೇಲಿನ ನನ್ನ ಗೌರವ ಅಲ್ಲಿ ಇಮ್ಮಡಿಯಾಯಿತು.

ನಾಲ್ಕನೆಯ ಸಂಜೆ ಕೌದಿ ತೆಗೆದರೆ ಹಳದಿ ಹೆಚ್ಚುಕಡಿಮೆ ಹೋಗಿತ್ತು. ಬೆಣ್ಣೆ ಬಣ್ಣದ ಬಳ್ಳಿಯಲ್ಲಿ ಒಂದು ತೆಳು ನೆರಳು, ಗೊತ್ತಿದ್ದವರಿಗಷ್ಟೇ ಕಾಣುವಂಥದು.

"ಇನ್ನ ಯಾರಿಗೂ ಗೊತ್ತಾಗಂಗಿಲ್ಲ ಬಿಡತ್ತಿ," ಎಂದೆ ಹಿಗ್ಗಿನಿಂದ.

ಆಕೆ ಗಾಲೀಚಾ ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು. "ಗೊತ್ತಾಗಬಾರದು ಅಂತ ತಗದಿಲ್ಲ ನಾ. ಹೋಗಿ ಹೇಳು. ಹೇಳಂಗಿಲ್ಲಂದ್ರ ಗಾಲೀಚಾ ಇಲ್ಲೇ ಇರ್ತದ, ನೀ ಹೋಗು."

ಊರಿಗೆ ಮರಳಿದ ಕೂಡಲೇ ನಾನೂ ಅವ್ವನೂ ಗಾಲೀಚಾ ಹೊತ್ತು ಬೇಗಂ ಸಾಹೇಬರ ಬಾಗಿಲಿಗೆ ಹೋದೆವು. ಆ ಮನೆಯಲ್ಲಿ ನಾನು ಅಂಬೆಗಾಲಿಡುವಾಗಿನಿಂದ ಓಡಾಡಿದವನು, ನನಗೆ ಪರದೆಯಿಲ್ಲ. ಬೇಗಂ ಸಾಹೇಬರು ಎದ್ದು ನಿಂತರು, ಆದರೆ ಎಂದಿನಂತೆ "ಆವ್ ಗೌರಾ" ಎಂದು ಒಳಗೆ ಕರೆಯಲಿಲ್ಲ. ಅವರ ಮುಖ ಬಾಡಿತ್ತು. ನನಗೆ ಎಲ್ಲವೂ ಗೊತ್ತಾಗಿಬಿಟ್ಟಿದೆ ಅನ್ನಿಸಿತು. ಬಟ್ಟಲಿನಿಂದ ಹಿಡಿದು ಕೌದಿಯ ತೂತಿನವರೆಗೆ ಒಂದೇ ಉಸಿರಿಗೆ ಹೇಳಿದೆ. ಅವ್ವ ಗಾಲೀಚಾ ಬಿಚ್ಚಿ ಆ ತೆಳು ನೆರಳನ್ನು ಬೆರಳಿಟ್ಟು ತೋರಿಸಿದಳು. ಬೇಗಂ ಸಾಹೇಬರು ಅತ್ತ ನೋಡಲೂ ಇಲ್ಲ.

"ಇಷ್ಟೇನಾ?" ಎಂದರು. ಅಲ್ಲೇ ಕುಸಿದು ಕೂತರು. "ಗಾಲೀಚಾ ಜಾನೇ ದೋ ಗೌರಾ, ಹೋದ್ರ ಹೋಗ್ಲಿ. ನೀ ಖಿಡಕಿ ಮುಚ್ಚಿದಿ. ನಾ ತಟ್ಟಿದ್ರೂ ತಗೀಲಿಲ್ಲ. ಆಮ್ಯಾಲ ಬೆಳಗ ಬೆಳಗ ನಮ್ಮ ಗಾಲೀಚಾ ಬಂಡ್ಯಾಗ ಹೇರಿ ಕಳಸಿದ್ದು ಕಂಡೆ. ನಮ್ಮ ಮನೀದು ಅಂತ ಗೊತ್ತಾಗಿ ನಿಮ್ಮ ಬೀಗರು ಅದರ ಮ್ಯಾಲ ಕೂಡಲಿಲ್ಲ, ಎದ್ದು ಹೋದ್ರು ಅಂತ ತಿಳಕೊಂಡೆ. ನನ್ನಿಂದ ಹುಡುಗಿ ಮದುವಿ ರಿಶ್ತಾ ಮುರೀತು, ಅದಕ್ಕ ಗೌರಾ ಮಾರಿ ತೋರ್ಸವಲ್ಲಳು ಅಂತ ಎಂಟ ದಿನಾ ಅತ್ತೀನಿ."

ನನ್ನ ಹೊಟ್ಟೆಯಲ್ಲಿ, ಅರ್ಜಿಯಲ್ಲಿ ಬರೆದ ಆ ನೋವು ಆಗ ನಿಜವಾಗಿಯೇ ಎದ್ದಿತು. ಅಂಗೈ ಅಗಲದ ಕಲೆಯನ್ನು ಮುಚ್ಚಲು ಹೋಗಿ ನಾನು ಯಾವ ಜಾಗಕ್ಕೆ ಸೋಡಾ ಸುರಿದಿದ್ದೆ ಎಂಬುದು ಆಗ ತಿಳಿಯಿತು.

"ಅಯ್ಯ ಆಪಾ! ಏನ ಮಾತಾಡ್ತೀರಿ!" ಅವ್ವ ಅಳುತ್ತಲೇ ಕೂಗಿದಳು. "ಮೂರು ತಾಸು ಕೂತಾರ್ರೀ! ಊಟಕ್ಕ ಏಳ್ರಿ ಅಂದ್ರ ಏಳವಲ್ರು. ಆ ಹಿರೇ ಬೀಗ ಅಂತೂ ಉಂಡು ಬಂದು ಅದರ ಮ್ಯಾಲೇ ಕಾಲು ಚಾಚಿ ಗೊರಕಿ ಹೊಡದಾನ! ನಿಮ್ಮ ಗಾಲೀಚಾ ನೋಡೇ ಹುಡುಗೀನ ಒಪ್ಪಿದ್ರೋ ಏನೋ!"

ಬೇಗಂ ಸಾಹೇಬರಿಗೆ ಅಳುವಿನ ನಡುವೆ ನಗು ಬಂತು. ಅವ್ವನ ಕೈ ಹಿಡಿದು ಪಕ್ಕಕ್ಕೆ ಎಳೆದು ಕೂಡಿಸಿಕೊಂಡರು. ಇಬ್ಬರೂ ಕೂತದ್ದು ಸರಿಯಾಗಿ ಆ ಕಲೆಯ ಮೇಲೆಯೇ. ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರಸಾಬ್, ಇನ್ನ ಮ್ಯಾಲ ಏನರ ಚೆಲ್ಲಿದ್ರ ಮೊದಲ ಓಡಿ ಬಂದು ಹೇಳು. ಕಿತಾಬು ಆಮ್ಯಾಲ ನೋಡು," ಎಂದರು.

ಆ ಅಪ್ಪಣೆಯನ್ನು ಎರಡೂ ಮನೆಗಳು ಅಕ್ಷರಶಃ ಪಾಲಿಸುತ್ತ ಬಂದಿವೆ. ಈಗ ನಮ್ಮಲ್ಲಿ ಹಾಲು ಉಕ್ಕಿದರೂ, ಅವರಲ್ಲಿ ಚಹಾ ಚೆಲ್ಲಿದರೂ, ಯಾರೋ ಒಬ್ಬರು ಆ ಕ್ಷಣವೇ ಖಿಡಕಿ ತೆರೆದು ಕೂಗಿ ಹೇಳುತ್ತಾರೆ. ಆ ಕಡೆಯವರು ಅಷ್ಟೇ ಗಟ್ಟಿಯಾಗಿ ಉತ್ತರ ಕೊಡುತ್ತಾರೆ. ಓಣಿಗೆ ಹೊಸದಾಗಿ ಬಂದವರು ಈ ಎರಡು ಮನೆಗಳಿಗೆ ದಿನಾ ಜಗಳ ಎಂದು ತಿಳಿಯುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ; ಸದ್ದಿರುವವರೆಗೆ ನಮಗೆ ಚಿಂತೆಯಿಲ್ಲ.