ಕೊಕ್-ಬೆಲ್ ದವಾಖಾನೆಯ ಸೈರಾಕಾನ್

ಕೊಕ್-ಬೆಲ್‌ನಲ್ಲಿ ಯಾರಿಗಾದರೂ ಸೀನು ಬಂದರೆ ಮೊದಲು ನೆನಪಾಗುವುದು ದೇವರು, ಆಮೇಲೆ ಸೈರಾಕಾನ್. ಹೊಟ್ಟೆನೋವು ಬಂದರೆ ಈ ಕ್ರಮ ತಿರುಗುಮುರುಗು. ಮೂವತ್ತೊಂದು ವರ್ಷದಿಂದ ಅವಳು ಆ ಬೆಟ್ಟದೂರಿನ ಫೆಲ್ಡ್ಶರ್. ಅಂದರೆ ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ, ನರ್ಸಿಗಿಂತ ಒಂದು ಮೆಟ್ಟಿಲು ಮೇಲೆ. ಡಾಕ್ಟರು ಎರಡು ಕಣಿವೆಯಾಚೆ ನಾರಿನ್ ಪಟ್ಟಣದಲ್ಲಿ ಕೂತಿರುವಾಗ ಮೆಟ್ಟಿಲು ಎಣಿಸುವವರು ಯಾರು? ಊರಿನ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಹಾಗಾಗಿ ಯಾರನ್ನು ಬೇಕಾದರೂ ಬೈಯುವ ಹಕ್ಕು ಅವಳಿಗಿತ್ತು, ಆ ಹಕ್ಕಿಗೆ ತುಕ್ಕು ಹಿಡಿಯಲು ಅವಳು ಬಿಟ್ಟವಳಲ್ಲ. ಸೂಜಿ ಚುಚ್ಚುವಾಗಲೂ ಮಾತು, ಹೆರಿಗೆ ಮಾಡಿಸುವಾಗಲೂ ಮಾತು. ಅವಳ ಮಾತಿಗೇ ಅರ್ಧ ಕಾಯಿಲೆ ಓಡಿಹೋಗುತ್ತದೆ ಎಂದು ಊರವರು ನಂಬಿದ್ದರು. ಅವಳೂ ನಂಬಿದ್ದಳು.

ಆ ವಸಂತದಲ್ಲಿ ರಾಜಧಾನಿ ಬಿಷ್ಕೆಕ್‌ನ ವೈದ್ಯಕೀಯ ಕಾಲೇಜೊಂದು ಹೊಸ ನಿಯಮ ಮಾಡಿತು. ಕೊನೆಯ ವರ್ಷದ ವಿದ್ಯಾರ್ಥಿಗಳು ಒಂದು ತಿಂಗಳು ಹಳ್ಳಿಯಲ್ಲಿ, ಫೆಲ್ಡ್ಶರ್ ಮನೆಯಲ್ಲೇ ಉಂಡು ಮಲಗಿ, ಅವರ ಕೈಕೆಳಗೆ ಕಲಿಯಬೇಕು. ಹಾಗೆ ಮೊದಲು ಬಂದವಳು ಬೆಗಾಯಿಮ್ ಎಂಬ ಹುಡುಗಿ. ಬಿಳಿ ಕೋಟು, ಬಿಳಿ ಬೂಟು, ಕೈಯಲ್ಲಿ ದಪ್ಪ ನೋಟ್‌ಬುಕ್ಕು. ಬೂಟಿನ ಬಿಳುಪು ದವಾಖಾನೆಯ ಅಂಗಳ ದಾಟುವಷ್ಟರಲ್ಲಿ ಮುಗಿಯಿತು. ‘ಇವಳಿಗೆ ಕುದುರೆಯ ತಲೆ ಯಾವ ಕಡೆ ಅಂತ ಮೊದಲು ಹೇಳಿಕೊಡಬೇಕು’ ಎಂದುಕೊಂಡಳು ಸೈರಾಕಾನ್. ಆದರೆ ಹುಡುಗಿ ಮಾತಾಡುವುದು ಕಡಿಮೆ, ನೋಡುವುದು ಹೆಚ್ಚು. ಅದು ಸೈರಾಕಾನ್‌ಗೆ ಸ್ವಲ್ಪ ಕಸಿವಿಸಿಯನ್ನೇ ಮಾಡಿತು.

ಅದೇ ವಾರ ಅಸಾನ್‌ಕುಲ್ ಮುದುಕನ ಬಿಪಿ ನೂರ ತೊಂಬತ್ತು ತೋರಿಸಿತು. ಈ ಅಸಾನ್‌ಕುಲ್ ಹೊರಗಿನವನಲ್ಲ. ಮೂವತ್ತು ಚಳಿಗಾಲ, ಸೊಂಟದೆತ್ತರ ಹಿಮದಲ್ಲಿ, ಸೈರಾಕಾನಳನ್ನು ತನ್ನ ಕುದುರೆಯ ಹಿಂದೆ ಕೂರಿಸಿಕೊಂಡು ಹೆರಿಗೆ ಮನೆಗಳಿಗೆ ತಲುಪಿಸಿದವನು. ಅವಳಿಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ಅದಕ್ಕೇ ಅವಳು ಕಟ್ಟುನಿಟ್ಟಾಗಿ ಹೇಳಿಬಿಟ್ಟಳು.

“ನೋಡು ಅಸಾನಣ್ಣ, ಇನ್ನು ಮೂರು ವಾರಕ್ಕೆ ಮಂದೆ ಮೇಲಿನ ಹುಲ್ಲುಗಾವಲಿಗೆ ಹೊರಡುತ್ತೆ. ಬಿಪಿ ನೂರ ಅರವತ್ತಕ್ಕಿಂತ ಕೆಳಗೆ ಬಂದ್ರೆ ನೀನೂ ಹೋಗು. ಇಲ್ಲಾಂದ್ರೆ ಊರಲ್ಲೇ ಬಿದ್ದಿರು.”

“ಎಪ್ಪತ್ನಾಲ್ಕು ಬೇಸಿಗೆ ಮೇಲೇ ಕಳ್ದಿದೀನಿ ಕಣೇ! ತೊಟ್ಟಿಲಲ್ಲಿದ್ದಾಗ್ಲೂ ಒಂಟೆ ಮೇಲೆ ಕಟ್ಕೊಂಡು ಹೋಗಿದ್ರು. ಬೇಸಿಗೇಲಿ ಈ ಊರಲ್ಲಿ ಇರೋರು ಯಾರು? ಕೋಳಿಗಳು!”

“ಹಾಗಾದ್ರೆ ಕೋಳಿ ಜೊತೆ ಇರು. ಅಲ್ಲಿ ನಿನ್ನ ತಲೇಲಿ ನರ ಒಡೆದ್ರೆ, ಕುದುರೆ ಮೇಲೆ ಒಂದು ಹಗಲು ದಾರಿ. ನಾನು ಬರೋ ಹೊತ್ತಿಗೆ ಮಣ್ಣು ಹಾಕೋಕೆ ಮಾತ್ರ ಆಗುತ್ತೆ.”

ಹೇಳುವುದನ್ನು ಹೇಳಿಬಿಟ್ಟಳು; ಆದರೆ ಆ ಮನುಷ್ಯನನ್ನು ಬೇಸಿಗೆಯಲ್ಲಿ ಊರಲ್ಲಿ ಕೂರಿಸುವುದು ಎಂದರೆ ಅರ್ಧ ಕೊಂದ ಹಾಗೆಯೇ. ಗುಳಿಗೆ ಕೊಟ್ಟು ಕಳಿಸಿದಳು.

ವಾರ ಕಳೆಯಿತು. ನೂರ ಎಂಬತ್ತೆಂಟು. ಗುಳಿಗೆ ತಗೊಂಡೆಯಾ ಎಂದರೆ “ಡಬ್ಬಿ ಖಾಲಿ ಆಗಿದೆ, ಇನ್ನೊಂದು ಕೊಡು” ಎಂದ. ತಿಂಗಳ ಡಬ್ಬಿ ಏಳೇ ದಿನಕ್ಕೆ ಖಾಲಿ! ಆದರೂ ಇನ್ನೊಂದು ಕೊಟ್ಟು ಕಳಿಸಿದಳು.

“ಅಕ್ಕ, ಗುಳಿಗೆ ಬದಲಾಯಿಸೋಕೆ ನಾರಿನ್ ಡಾಕ್ಟರಿಗೆ ಬರೀಲಾ?” ಎಂದಳು ಬೆಗಾಯಿಮ್.

“ಬರೆಯುವಿಯಂತೆ. ಮೊದಲು ಅವರ ಮನೇಲಿ ಕೂತು ಚಹಾ ಕುಡಿಯೋಣ ಬಾ. ಮನೆ ನೋಡದೆ ಗುಳಿಗೆ ಬದಲಾಯಿಸಬಾರದು. ಇದನ್ನ ನಿಮ್ಮ ಪುಸ್ತಕದಲ್ಲಿ ಬರೆದಿದ್ದಾರೋ ಇಲ್ವೋ, ನೀನು ಬರ್ಕೋ.”

ಹುಡುಗಿ ನಿಜವಾಗಿಯೂ ಬರೆದುಕೊಂಡಳು.

ಅಸಾನ್‌ಕುಲ್‌ನ ಹೆಂಡತಿ ಬುರುಲ್ಚಾ ನೆಲದ ಮೇಲೆ ಊಟದ ಹಾಸು ಬಿಡಿಸಿ ಮನೆಯಲ್ಲಿದ್ದುದನ್ನೆಲ್ಲ ತಂದಿಟ್ಟಳು. ರೊಟ್ಟಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಣುಕು ಬೂರ್ಸೋಕ್, ಕೆನೆ, ಒಣಮೊಸರಿನ ಉಂಡೆ, ಬಣ್ಣದ ಕಾಗದದ ಮಿಠಾಯಿ. ನಡುವೆ ಒಂದು ಪುಟ್ಟ ನೀಲಿ ಬಟ್ಟಲಲ್ಲಿ ಬೆಳ್ಳಗೆ ಏನೋ. ಸೈರಾಕಾನ್ ಸಕ್ಕರೆ ಬಿಲ್ಲೆ ಎಂದುಕೊಂಡು ಕೈ ಚಾಚಿದವಳು ಅರ್ಧಕ್ಕೇ ತಡೆದಳು.

“ತಗೋ ಮಗಳೇ,” ಎಂದಳು ಬುರುಲ್ಚಾ, ಬಟ್ಟಲನ್ನು ಬೆಗಾಯಿಮ್ ಕಡೆ ತಳ್ಳುತ್ತ. “ದಿಬ್ಬ ಹತ್ತಿ ಬಂದಿದೀಯ, ತಲೆ ನೋಯ್ತಿರುತ್ತೆ. ತುಂಬ ಒಳ್ಳೇ ಗುಳಿಗೆ. ಸೈರಾಕಾನೇ ಕೊಟ್ಟಿದ್ದು.”

“ಅತ್ತಿಗೆ! ಬಂದೋರಿಗೆಲ್ಲ ಇದನ್ನ ಹಂಚ್ತಿದೀಯಾ?”

“ಎಲ್ಲರಿಗೂ ಇಲ್ಲಪ್ಪ. ತಲೆನೋವು ಅಂದೋರಿಗೆ ಮಾತ್ರ.”

ಅಸಾನ್‌ಕುಲ್ ಎದೆಯುಬ್ಬಿಸಿ ಕೂತ. “ಮನೇಲಿ ಒಳ್ಳೇದೊಂದು ಇಟ್ಕೊಂಡು, ಬಂದೋರಿಂದ ಬಚ್ಚಿಟ್ರೆ ನಾನೆಂಥ ಮನುಷ್ಯ?”

“ಮತ್ತೆ ನೀನು ತಗೊಳ್ಳೋದು ಯಾವಾಗ?”

“ಮಿಕ್ಕಿದ್ರೆ ತಗೋತೀನಿ. ಮನೆಯೋನು ಕೊನೇಗಲ್ವ ತಿನ್ನೋದು?”

ಸೈರಾಕಾನ್‌ಗೆ ನಗು ಬಂತು, ಸಿಟ್ಟು ಬಂತು, ಎರಡೂ ಒಟ್ಟಿಗೆ ಬಂದು ಚಹಾ ನೆತ್ತಿಗೇರಿತು. ಹೋದ ವಾರ ಅಂಚೆ ಕಚೇರಿಯ ಶರಿಪಾ ಆಲೂಗಡ್ಡೆ ಹೊಲದಲ್ಲಿ ತಲೆತಿರುಗಿ ಬಿದ್ದದ್ದೇಕೆ ಎಂಬುದೂ ಈಗ ತಿಳಿಯಿತು: ಏರದ ಬಿಪಿಯನ್ನು ಈ ಗುಳಿಗೆ ಇಳಿಸಿಬಿಟ್ಟಿತ್ತು. ಅವಳು ಬೈಗುಳದ ಗಂಟು ಬಿಚ್ಚಬೇಕು ಎನ್ನುವಷ್ಟರಲ್ಲಿ ಬೆಗಾಯಿಮ್ ನೋಟ್‌ಬುಕ್ಕು ತೆರೆದಳು. ಅವಳು ನಗಲೂ ಇಲ್ಲ, ಗದರಲೂ ಇಲ್ಲ.

“ತಾತ, ಯಾರ್ಯಾರು ತಲೆನೋವು ಅಂದ್ರು, ನೆನಪಿದೆಯಾ?”

ನೆನಪಿಲ್ಲದೆ ಏನು! ಯಾವ ಅತಿಥಿ ಯಾವ ದಿನ ಬಂದ, ಎಷ್ಟು ಬಟ್ಟಲು ಚಹಾ ಕುಡಿದ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು. ಹತ್ತೊಂಬತ್ತು ಹೆಸರಾಯಿತು.

ಮರುದಿನದಿಂದ ಇಬ್ಬರೂ ಆ ಹತ್ತೊಂಬತ್ತು ಮನೆ ಸುತ್ತಿದರು. ಹನ್ನೊಂದು ಜನರ ಬಿಪಿ ಏರಿತ್ತು, ಮೂವರದು ಹೆದರಿಕೆಯಾಗುವಷ್ಟು. ದಿನಾ ಬೀದಿಯಲ್ಲಿ ಸಿಕ್ಕಿ ನಗುತ್ತಿದ್ದ ಜನ! ದವಾಖಾನೆಗೆ ಬಂದರೆ ಸೈರಾಕಾನ್ ಬೈಯುತ್ತಾಳೆಂದು ಬಾರದವರು, ಅಸಾನ್‌ಕುಲ್‌ನ ಹಾಸಿನ ಮುಂದೆ ಕೂತು ನೋವನ್ನೆಲ್ಲ ಹೇಳಿಕೊಂಡಿದ್ದರು. ಇದು ಅವಳಿಗೆ ಚುರುಕ್ಕೆಂದಿತು, ಆದರೂ ಒಪ್ಪಿಕೊಂಡಳು. ಗುಳಿಗೆ ಬೇಕಾದವರಿಗೆ ನಾರಿನ್ ಡಾಕ್ಟರನ್ನು ಕೇಳಿ ಅವರವರ ಡಬ್ಬಿ ಕೊಟ್ಟದ್ದಾಯಿತು. ಬೆಗಾಯಿಮ್ ಬುರುಲ್ಚಾಳ ಕಿವಿಯಲ್ಲಿ ಹೇಳಿದಳು: “ಅಜ್ಜಿ, ಬೆಳಿಗ್ಗೆ ಹಸು ಕರೆದು ಬಂದ ತಕ್ಷಣ, ಅತಿಥಿ ಯಾರೂ ಬರೋ ಮುಂಚೆ, ತಾತನ ಬಾಯಿಗೆ ನೀವೇ ಹಾಕಿ.”

ಮಂದೆ ಹೊರಡುವ ಹಿಂದಿನ ದಿನ ಬಂತು. ಅಸಾನ್‌ಕುಲ್ ಗುಡಾರದ ಹಗ್ಗವನ್ನೆಲ್ಲ ಕಟ್ಟಿಟ್ಟು, ಬಿಳಿ ಟೋಪಿ ಹಾಕಿಕೊಂಡು, ದವಾಖಾನೆಯ ಬಾಗಿಲಿಗೇ ಕುದುರೆ ಓಡಿಸಿಕೊಂಡು ಬಂದ. ತೀರ್ಮಾನ ತನ್ನದು, ಅಳೆಯುವವಳೂ ತಾನೇ ಎಂದು ಸೈರಾಕಾನ್ ಅವನ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಸುತ್ತುತ್ತಲೇ ಕುರಿ ಎಷ್ಟು, ಮರಿ ಎಷ್ಟು, ಸೊಸೆ ಬರ್ತಾಳಾ ಎಂದು ಕೇಳಿದಳು. ಅವನೂ ಬಾಯಿತುಂಬ ಹೇಳಿದ.

ನೂರ ಅರವತ್ತೆಂಟು.

ಅವನು ಮುಳ್ಳನ್ನೇ ನೋಡುತ್ತ ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಹೋಗ್ಲಿ ಬಿಡು ಸೈರಾ,” ಎಂದ ಮೆಲ್ಲಗೆ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮೆಲುದನಿಯನ್ನು ತಡೆಯಲಾಗಲಿಲ್ಲ.

“ಅಕ್ಕ, ಒಂದು ಮಾತು.” ಬೆಗಾಯಿಮ್ ಮುಖ ಕೆಂಪಾಗಿತ್ತು. ಹಿರಿಯರನ್ನು ತಿದ್ದುವ ಅಭ್ಯಾಸ ಅಲ್ಲಿ ಯಾವ ಮಕ್ಕಳಿಗೂ ಇಲ್ಲ. “ಕುದುರೆ ಇಳಿದ ತಕ್ಷಣ ಅಳೀಬಾರದು. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಅಳೆಯುವಾಗ ಅವರೂ ಮಾತಾಡಬಾರದು, ನಾವೂ ಮಾತಾಡಿಸಬಾರದು. ಮಾತಿಗೇ ಹತ್ತು ಹದಿನೈದು ಏರುತ್ತೆ.”

“ಅಂದ್ರೆ ನನ್ನ ಮಾತಿಂದ ಬಿಪಿ ಏರುತ್ತೆ ಅಂತೀಯಾ?”

“ಹೌದಕ್ಕ.”

ಸೈರಾಕಾನ್ ಪಟ್ಟಿ ಬಿಚ್ಚಿ ಹುಡುಗಿಯ ಕೈಗೆ ಕೊಟ್ಟಳು. “ಸರಿ, ನೀನೇ ನೋಡು.”

ಅಸಾನ್‌ಕುಲ್ ಬೆನ್ನೊರಗಿಸಿ, ಕಾಲು ಊರಿ, ಕೈಯನ್ನು ಮೇಜಿನ ಮೇಲಿಟ್ಟು ಕೂತ. ಒಂದು ನಿಮಿಷಕ್ಕೆ ಬಾಯಿ ತೆರೆದ. ಹುಡುಗಿ ಬೆರಳೆತ್ತಿದಳು, ಮುಚ್ಚಿದ. ಎರಡನೆಯ ನಿಮಿಷಕ್ಕೆ ಸೈರಾಕಾನ್ ಬಾಯಿ ತೆರೆದಳು. ಹುಡುಗಿ ಅವಳಿಗೂ ಬೆರಳೆತ್ತಿದಳು! ಸೈರಾಕಾನ್ ತುಟಿ ಕಚ್ಚಿಕೊಂಡು ಕಿಟಕಿಯಾಚೆ ನೋಡಿದಳು. ಅವಳ ಜೀವಮಾನದಲ್ಲಿ ಅಷ್ಟು ಉದ್ದದ ಐದು ನಿಮಿಷ ಬಂದಿರಲಿಲ್ಲ.

ನೂರ ಐವತ್ತೆರಡು. ಮತ್ತೊಮ್ಮೆ ಅಳೆದಳು. ನೂರ ಐವತ್ತು.

“ಹೋಗಿ ಬಾ ಅಸಾನಣ್ಣ,” ಎಂದಳು ಸೈರಾಕಾನ್.

ಮುದುಕನ ಕಣ್ಣು ತುಂಬಿ ಬಂತು. ಹುಡುಗಿಯ ಹಣೆಗೆ ಮುತ್ತಿಟ್ಟು, ಟೋಪಿ ತಲೆಗೇರಿಸಿ, ಹದಿನೆಂಟರ ಹುಡುಗನ ಹಾಗೆ ಹೊರಗೋಡಿದ. ಬೆಗಾಯಿಮ್ ನಗುತ್ತ ಯಂತ್ರವನ್ನು ಪೆಟ್ಟಿಗೆಗೆ ಇಡಲು ಹೋದಳು.

“ಅದನ್ನ ಒಳಗಿಡಬೇಡ.” ಸೈರಾಕಾನ್ ಆಗಲೇ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. “ಕೆಳಬೀದಿಯಲ್ಲಿ ಇನ್ನಿಬ್ಬರಿಗೆ ಈ ಸಲ ಮೇಲೆ ಹೋಗಬೇಡಿ ಅಂತ ಅಳೆದು ಹೇಳಿಬಿಟ್ಟಿದೀನಿ. ಅಳೆಯುವಾಗ ಬಾಯಿ ತುಂಬ ಮಾತಾಡಿಸಿದ್ದೆ. ನಡಿ, ಬೇಗ. ಬೆಳಗಾದ್ರೆ ಮಂದೆ ಹೊರಡುತ್ತೆ.”

“ಅಲ್ಲಿ ಏನು ಹೇಳೋಣ ಅಕ್ಕ?”

“ಇನ್ನೇನು, ತಪ್ಪು ನಂದು ಅಂತ. ಆಮೇಲೆ ಐದು ನಿಮಿಷ ಏನೂ ಹೇಳೋದು ಬೇಡ.”